ಹಸಿದ ಕಾಲಿಗೆ ಹೊಸ ತೋಡು

ಓಡುವ ಹುಡುಗಿ ದೀಕ್ಷಾಳಿಗೆ, ಕಿರಿಮಂಜೇಶ್ವರದಿಂದ ಕಿಟ್ಟಜ್ಜ ಕೂತು ಬರೆದದ್ದು.

ಫೋನು ಮಾಡಿದ್ದೆ, ನೀನು ಎತ್ತಲಿಲ್ಲ. ಎತ್ತದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ನಾನು ಶುರು ಮಾಡಿದರೆ ನೀನು ಸ್ವಲ್ಪ ಹೊತ್ತಿಗೇ "ಅಕ್ಕ್ ಅಜ್ಜಾ, ಅಕ್ಕ್" ಎಂದು ಆಯ್ತಾಯ್ತು ಮಾಡಿ ಇಟ್ಟುಬಿಡುತ್ತೀ. ನಾನು ಹೇಳಬೇಕಾದ ವಿಷಯ ಅಷ್ಟರಲ್ಲಿ ಇನ್ನೂ ಕುಂದಾಪುರವೇ ದಾಟಿರುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ. ನಿನ್ನಮ್ಮ ಚೇತನಾ ನಾಳೆ ಬ್ರಹ್ಮಾವರಕ್ಕೆ ನಿನ್ನ ಚಿಕ್ಕಮ್ಮ ವನಜಳ ಮನೆಗೆ ಬರುವಾಗ ಇದನ್ನು ತರುತ್ತಾಳೆ. ಹರಿಯಬೇಡ, ಓದು. ಓದಿ ಆದ ಮೇಲೆ ಬೇಕಾದರೆ ಹರಿ.

ನೀನು ಮುಂದಿನ ವಾರ ಮುಂಬೈಗೆ ಹೊರಟಿದ್ದೀ ಎಂದು ಚೇತನಾ ಹೇಳಿದಳು. ರತೀಶ ಮಾವನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವುದಂತೆ. ಅದರಲ್ಲಿ ತಪ್ಪೇನೂ ಇಲ್ಲ ಮಗಾ. ನಮ್ಮೂರಿನ ಅರ್ಧ ಜನ ಅಲ್ಲಿ ಕೂತೇ ಇಲ್ಲಿ ಮನೆ ಕಟ್ಟಿದ್ದು. ಆದರೆ ಗಲ್ಲೆಯ ಆಸೆಗೆ ಹೋಗುವುದು ಬೇರೆ, ಇನ್ನು ಓಡಲಿಕ್ಕಾಗದು ಎಂದು ಹೋಗುವುದು ಬೇರೆ. ನೀನು ಎರಡನೆಯದಕ್ಕೆ ಹೋಗುತ್ತಿದ್ದೀ. ಆ "ಓಡಲಿಕ್ಕಾಗದು" ಎಂಬುದು ಸುಳ್ಳು ಎಂದು ಹೇಳುವುದಕ್ಕೇ ಈ ಮುದುಕ ಪೆನ್ನು ಹಿಡಿದದ್ದು.

ಕುಂದಾಪುರದ ಮೈದಾನದಲ್ಲಿ ಆ ದಿನ ನಾನೂ ಇದ್ದೆ. ಐದು ಸಾವಿರ ಮೀಟರು, ಜಿಲ್ಲೆಯ ತಂಡಕ್ಕೆ ಆಯ್ಕೆ. ಮೊದಲ ನಾಲ್ಕು ಸುತ್ತು ನೀನು ನೀನೇ ಆಗಿದ್ದಿ. ಆಮೇಲೆ ಹೆಗಲು ಮೇಲೆ ಬಂತು, ಬಾಯಿ ತೆರೆಯಿತು, ನಿನಗಿಂತ ಗಿಡ್ಡ ಹುಡುಗಿಯರೆಲ್ಲ ಮುಂದೆ ಹೋದರು. ಎಂಟನೇ ಸುತ್ತಿನಲ್ಲಿ ನೀನು ನಿಂತೇಬಿಟ್ಟಿ. ಬೇಲಿಯ ಹತ್ತಿರ ನಿನ್ನಜ್ಜ ಕುಷ್ಟ ಪೂಜಾರಿ, "ಬಿಡ್ಬ್ಯಾಡ ಮಗಾ, ಬಿಡ್ಬ್ಯಾಡ" ಎಂದು ಕೋಣ ಓಡಿಸುವ ದನಿಯಲ್ಲೇ ಕೂಗುತ್ತಿದ್ದ. ನೀನು ಅವನ ಮುಖ ನೋಡದೆ ಆಚೆ ನಡೆದಿ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ನೀನು ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ಅಜ್ಜಯ್ಯಾ, ಇನ್ನ್ ನನ್ ಕೈಯಗಾತಿಲ್ಲ. ಟೀಚರ್ ಕಟ್ಟಿದ್ದೆಲ್ಲ ಟೀಚರೊಟ್ಟಿಗೇ ಹೋಯ್ತ್. ನನ್ ಮೈಯೊಳ್ಗೆ ಎಂತದೂ ಇಲ್ಲ ಈಗ."

ಅಜ್ಜನಿಗೆ ಹೇಳಿದ ಮಾತು ಅದು. ಹಿಂದಿನ ಸೀಟಿನಲ್ಲಿದ್ದ, ನಿನ್ನ ಟೀಚರ ಗಂಡನಾದ ನನಗೂ ಕೇಳಿತು.

ಈಗ ನನ್ನ ಎಡಗಾಲಿನ ಸುದ್ದಿಗೆ ಬರುತ್ತೇನೆ. ನಗಬೇಡ, ಎರಡಕ್ಕೂ ಸಂಬಂಧವಿದೆ. ಅಂಗಡಿಯವರೆಗೆ ನಡೆದರೆ ಮೀನಖಂಡ ಹಿಂಡಿದ ಹಾಗೆ ನೋವು, ನಿಂತರೆ ಮಾಯ. ನಮ್ಮಲ್ಲಿ ಯಾವ ನೋವಿಗೂ ಒಂದೇ ಹೆಸರಲ್ಲವೇ, ವಾಯು! ಬೆನ್ನು ಹಿಡಿದರೆ ವಾಯು, ಎದೆ ಹಿಡಿದರೆ ವಾಯು, ಅಳಿಯ ಮಾತು ಬಿಟ್ಟರೂ ವಾಯುವೇ ಎನ್ನುತ್ತಾರೋ ಏನೋ. ನಾನೂ ಬೆಳ್ಳುಳ್ಳಿ ಹುರಿದು ತಿಂದು, ಕಾಲು ಚಾಚಿ ಕೂತೆ. ಕೂತಷ್ಟೂ ನಡೆಯುವ ದೂರ ಕಮ್ಮಿಯಾಯಿತು. ಕಡೆಗೆ ಚೇತನಾ ಬೈದು ಬ್ರಹ್ಮಾವರದ ಡಾಕ್ಟರ ಹತ್ತಿರ ಕಳಿಸಿದಳು. ನಿಖಿತಾ ಎಂದು ಹೆಸರು, ಚಿಕ್ಕ ಪ್ರಾಯ. ಕಾಲಿನ ದೊಡ್ಡ ರಕ್ತನಾಳ ಒಂದು ಕಡೆ ಇಕ್ಕಟ್ಟಾಗಿದೆ ಎಂದರು. ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೂತು ಎಳೆದ ಸಿಗರೇಟಿನ ಪ್ರಸಾದ. ಮಾತ್ರೆ ಕೊಟ್ಟರು, ಆಮೇಲೆ ಹೇಳಿದರು: "ದಿನಾ ನಡೀರಿ. ನೋವು ಬರುವವರೆಗೆ ನಡೀರಿ. ಬಂದ ಮೇಲೆ ಇನ್ನೂ ಸ್ವಲ್ಪ ನಡೀರಿ. ಆಮೇಲೆ ನಿಲ್ಲಿ. ನೋವು ಹೋದ ಮೇಲೆ ಮತ್ತೆ ನಡೀರಿ."

ನನಗೆ ಸಿಟ್ಟು ಬಂತು. "ಅಲ್ಲಮ್ಮಾ, ನೋವು ಹೋಗಲಿ ಅಂತ ನಾನಿಲ್ಲಿಗೆ ಬಂದದ್ದು, ನೀವು ನೋವು ತಗೊಂಡು ಬನ್ನಿ ಅಂತೀರಲ್ಲ?" ಎಂದೆ.

ಆ ಹುಡುಗಿ ನಕ್ಕಳು. ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದು, ಅದರಿಂದ ಕೂದಲಿನಂತೆ ಸಣ್ಣ ಸಣ್ಣ ಗೆರೆ ಬಿಡಿಸಿದಳು. ಲೋಮನಾಳ. ಕಾಲೇಜಿನಲ್ಲಿ ನಾವು ಕ್ಯಾಪಿಲ್ಲರಿ ಎಂದು ಕಲಿತದ್ದು. ಕಲಿತದ್ದು ಎಂದೆನಲ್ಲ, ಪಕ್ಕದವನ ಪೇಪರಿನಲ್ಲಿ ನೋಡಿದ್ದು. ರಕ್ತ ದೊಡ್ಡ ನಾಳದಲ್ಲಿ ಎಷ್ಟೇ ಓಡಲಿ, ಸ್ನಾಯುವಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಈ ಕೂದಲಿಗಿಂತ ಸಣ್ಣ ನಾಳಗಳಿಗೆ ಬಂದು, ನಿಧಾನವಾಗಿ, ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಡೆದ ಹಾಗೆ ಹೋಗುವಾಗಲೇ ಆಮ್ಲಜನಕ ಗೋಡೆ ದಾಟಿ ಸ್ನಾಯುವಿಗೆ ಸೇರುವುದು. ಒಂದೊಂದು ಎಳೆಯ ಸುತ್ತ ಇಂಥ ನಾಳ ಹೆಚ್ಚಿದ್ದಷ್ಟೂ ಅದು ಹೆಚ್ಚು ಹೊತ್ತು ದುಡಿಯುತ್ತದೆ.

ನೀನು ಗದ್ದೆಯ ಮಗಳು, ನಿನಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ಈಗ ಇಲ್ಲಿ ಎಲ್ಲರೂ ಸೇರಿ ಹೊಳೆಗೆ ಅಡ್ಡ ಕಟ್ಟ ಹಾಕುತ್ತಿದ್ದಾರೆ, ಸುಗ್ಗಿ ಬೆಳೆಗೆ ನೀರು ನಿಲ್ಲಿಸಲಿಕ್ಕೆ. ಹೊಳೆ ತುಂಬಿದರೆ ಸಾಕೇ? ನಿಮ್ಮ ಮನೆಯ ಮೇಲಿನ ಗದ್ದೆಗೆ ನೀರು ಹೋಗಬೇಕಾದರೆ ತೋಡು ಬೇಕು, ತೋಡಿನಿಂದ ಇನ್ನೂ ಸಣ್ಣ ಕೈತೋಡು ಬೇಕು. ಗದ್ದೆ ಎಷ್ಟು ಹೊಸದಾಗಿ ಬಿತ್ತುತ್ತೀರೋ ಅಷ್ಟು ಕೈತೋಡು ಕಡಿಯಬೇಕು. ಗುದ್ದಲಿ ಹಿಡಿಯುವುದು ಯಾರು? ನೀರು ಬೇಕಾದವನೇ.

ಕಾಲಿನಲ್ಲೂ ಅದೇ ಅಂತೆ ಮಾರಾಯ್ತಿ. ಅದೇ ನನಗೆ ಆಶ್ಚರ್ಯ. ನಾನು ತಿಳಿದದ್ದು, ಹೃದಯ ಎಂಬುದೊಂದು ಯಜಮಾನ, ಅವನು ಕೊಟ್ಟಷ್ಟು ಉಳಿದವರು ತಿನ್ನುವುದು ಎಂದು. ಹಾಗಲ್ಲ. ನೀನು ಓಡುವಾಗ ಮೀನಖಂಡಕ್ಕೆ ಬೇಕಾದಷ್ಟು ಆಮ್ಲಜನಕ ಸಾಲುವುದಿಲ್ಲ. ಸಾಲದ ಸ್ನಾಯು ಬಾಯಿ ಮುಚ್ಚಿ ಕೂರದೆ ಒಂದು ರಾಸಾಯನಿಕ ಬಿಡುತ್ತದೆ. ಅದಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರದ ಹೆಸರು ಹೇಳಿದ್ದರು. ವಿ, ಇ ನೆನಪಿದೆ, ಉಳಿದೆರಡು ಬಸ್ಸು ಹತ್ತುವ ನೂಕಾಟದಲ್ಲಿ ಬಿದ್ದುಹೋದವು. ಆ ಕೂಗು ಹತ್ತಿರದ ಸಣ್ಣ ನಾಳಕ್ಕೆ ಕೇಳಿ, ಅದರ ಗೋಡೆಯಿಂದಲೇ ಹೊಸ ನಾಳ ಚಿಗುರುತ್ತದಂತೆ. ಕೆಲವು ಕಡೆ ಒಂದೇ ನಾಳ ನಡುವೆ ಸೀಳಿ ಎರಡಾಗುತ್ತದಂತೆ. ರಕ್ತ ಜೋರಾಗಿ ಹರಿಯುವಾಗ ಗೋಡೆಯನ್ನು ಉಜ್ಜಿಕೊಂಡು ಹೋಗುತ್ತದಲ್ಲ, ಆ ಉಜ್ಜುವಿಕೆಯೂ "ಇಲ್ಲಿ ದಾರಿ ಸಾಲದು" ಎಂದು ಹೇಳಿದ ಹಾಗೆಯೇ. ಬಿ.ಎ.ಯಲ್ಲಿ ನಮಗೆ ಒಂದು ಎಕನಾಮಿಕ್ಸ್ ಸೂತ್ರವಿತ್ತು. ಸಪ್ಲೈ ಕ್ರಿಯೇಟ್ಸ್ ಇಟ್ಸ್ ಓನ್ ಡಿಮಾಂಡೋ, ಡಿಮಾಂಡ್ ಕ್ರಿಯೇಟ್ಸ್ ಇಟ್ಸ್ ಓನ್ ಸಪ್ಲೈಯೋ, ಯಾವುದು ಯಾವುದನ್ನು ಹುಟ್ಟಿಸುತ್ತದೆಂದು ಪರೀಕ್ಷೆಯ ದಿನವೇ ಮರೆತಿದ್ದೆ. ಕಾಲಿನ ಮಟ್ಟಿಗೆ ಡಿಮಾಂಡೇ ಮೊದಲು.

ಇದೆಲ್ಲ ಒಂದು ದಿನಕ್ಕೆ ಆಗುವುದಲ್ಲ. ಕೆಲವು ವಾರ ಬೇಕು. ನನ್ನಂಥ ಮುದುಕನ ಇಕ್ಕಟ್ಟಾದ ಕಾಲಿಗೂ, ನಿನ್ನಂಥ ಓಟಗಾರ್ತಿಯ ಕಾಲಿಗೂ ಕೂಗು ಅದೇ. ನನ್ನಲ್ಲಿ ಎಷ್ಟು ಹೊಸ ನಾಳ ಬಂತು, ಎಷ್ಟು ಸ್ನಾಯುವೇ ಇದ್ದ ರಕ್ತದಲ್ಲಿ ಸಂಸಾರ ಮಾಡಲು ಕಲಿಯಿತು ಎಂದು ಬಿಡಿಸಿ ಹೇಳಲಾರೆ ಎಂದರು ಡಾಕ್ಟರು. ನಾನಂತೂ ಈಗ ಅಂಗಡಿ ದಾಟಿ ಸಮುದ್ರದವರೆಗೆ ಹೋಗಿಬರುತ್ತೇನೆ. ಹೋಗುವಾಗ ನಡುವೆ ನಿಂತು ತೆಂಗಿನ ಮರ ನೋಡಿದ ಹಾಗೆ ಮಾಡುತ್ತೇನೆ, ಯಾರಾದರೂ ಕಂಡರೆ ನೋವಿಗೆ ನಿಂತದ್ದು ಎಂದು ಗೊತ್ತಾಗಬಾರದಲ್ಲ.

ಕಳೆದ ವಾರ ಹೋದಾಗ ನನ್ನ ಕಾಲು ಬಿಟ್ಟು ನಿನ್ನ ಕಾಲಿನ ವಿಷಯ ಕೇಳಿದೆ. ಸೆಪ್ಟೆಂಬರಿನಲ್ಲಿ ನಿನಗೆ ಜ್ವರ ಬಂದದ್ದು, ಬಿಟ್ಟ ಮೇಲೆ ನಿನ್ನಜ್ಜ ಏನು ಮಾಡಿದ ಎಂಬುದು, ಎಲ್ಲ ಹೇಳಿದೆ. ನಿನಗೆ ಗೊತ್ತೇ ಇದೆಯಲ್ಲ. ಕುಷ್ಟನಿಗೆ ಜಗತ್ತಿನಲ್ಲಿ ಓಡುವ ಪ್ರಾಣಿ ಎಂದರೆ ಒಂದೇ, ಅವನ ಹಟ್ಟಿಯ ಕಂಬಳದ ಕೋಣ. ಕಂಬಳ ಹತ್ತಿರ ಬಂದರೆ ಅವನು ಕೋಣವನ್ನು ಉಳುಮೆಯ ನೊಗಕ್ಕೆ ಕಟ್ಟುವುದಿಲ್ಲ. ಹುರುಳಿ ಬೇಯಿಸಿ ತಿನ್ನಿಸುತ್ತಾನೆ, ಎಣ್ಣೆ ತಿಕ್ಕುತ್ತಾನೆ, ನೆರಳಿನಲ್ಲಿ ಕಟ್ಟುತ್ತಾನೆ. ಮೊಮ್ಮಗಳ ಓಟ ಹತ್ತಿರ ಬಂತು. ಅವನು ಅದನ್ನೇ ಮಾಡಿದ. ಒಂದು ತಿಂಗಳಿಗೂ ಹೆಚ್ಚು ಕಾಲ ನಿನ್ನನ್ನು ಕಡಲ ಬದಿಗೆ ಬಿಡಲಿಲ್ಲ. ದಿನಾ ಹುರುಳಿ ಸಾರು, ನಿನ್ನಜ್ಜಿ ನಾಗುವಿನ ಕೈಯಿಂದ ಕಾಲಿಗೆ ಎಣ್ಣೆ, ಮಧ್ಯಾಹ್ನ ನಿದ್ದೆ. "ಶಕ್ತಿ ಒಳ್ಗೆ ಕೂಡಿ ಇರ್ಕ್. ಆ ದಿನ ಒಮ್ಮೆಲೆ ಬಿಡ್ಕ್" ಎಂದು ಊರೆಲ್ಲ ಹೇಳಿಕೊಂಡು ಬಂದ. ಆ ಸಾರು ನಮ್ಮ ಮನೆಗೂ ಬರುತ್ತಿತ್ತು. ರುಚಿಯಾಗಿತ್ತು. ನನಗೂ ಅದೇ ಸರಿ ಎಂದು ಕಂಡಿತ್ತು, ಯಾರಿಗಾದರೂ ಹಾಗೇ ಕಾಣುತ್ತದೆ. ಅಕ್ಕಿಯಾದರೆ ಕೂಡಿಟ್ಟರೆ ಉಳಿಯುತ್ತದಲ್ಲವೇ?

ಡಾಕ್ಟರು ಹುರುಳಿಗೆ ಏನೂ ಹೇಳಲಿಲ್ಲ. "ಜ್ವರ ಬಿಟ್ಟ ಮೇಲೆ ಕೆಲವು ದಿನ ವಿಶ್ರಾಂತಿ ಬೇಕೇ ಬೇಕು. ಆದರೆ ಅಷ್ಟು ವಾರ ಪೂರ್ತಿ ಕೂರಿಸಿದ್ದೇ ಕಷ್ಟ ಆದದ್ದು" ಎಂದರು. ಕೂತರೆ ಮೊದಲು ರಕ್ತದ ನೀರಿನ ಅಂಶ ಇಳಿಯುತ್ತದಂತೆ. ಮತ್ತೂ ಕೂತರೆ, ಕೇಳುವವರಿಲ್ಲದ ಆ ಸಣ್ಣ ನಾಳಗಳೂ ಒಂದೊಂದಾಗಿ ಹಿಂದೆ ಸರಿಯುತ್ತವೆ. ಬೇಸಾಯ ಬಿಟ್ಟ ಗದ್ದೆಯ ಕೈತೋಡು ಒಂದು ಮಳೆಗಾಲಕ್ಕೆ ಹುಲ್ಲು ತುಂಬಿ ಮುಚ್ಚಿದ ಹಾಗೆ. ದೇಹಕ್ಕೆ ಸೇಡಿಲ್ಲ, ನೆನಪಿನ ಮೋಹವೂ ಇಲ್ಲ. ಬೇಡದ್ದನ್ನು ಸಾಕುವುದಿಲ್ಲ.

"ಹಾಗಾದರೆ ಹೋದದ್ದು ಹೋಯಿತೇ?" ಎಂದು ಕೇಳಿದೆ.

"ಎಂತದು ಹೋಗೂದು? ಮತ್ತೆ ಕೂಗಿದರೆ ಮತ್ತೆ ಬರ್ತದೆ. ಅಷ್ಟು ವರ್ಷ ಓಡಿದವಳು, ಮೊದಲ ಸಲಕ್ಕಿಂತ ಬೇಗ ಬರಬಹುದು. ಗ್ಯಾರಂಟಿ ಕೊಡ್ಲಿಕ್ಕೆ ನಾನೇನು ಫ್ರಿಜ್ ಮಾರುವವಳಲ್ಲ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಮ್ಮಿಯಾಗಿದ್ರೂ ಹೀಗೇ ಸುಸ್ತಾಗ್ತದೆ" ಎಂದರು. ಇದನ್ನು ಮರೆಯಬೇಡ, ವನಜಳ ಮನೆಯಿಂದ ಆ ಆಸ್ಪತ್ರೆ ಹತ್ತಿರವೇ.

ದೀಕ್ಷಾ, ಈಗ ಬರೆಯುವುದನ್ನು ಬರೆಯಲಿಕ್ಕೆ ನನಗೆ ಸ್ವಲ್ಪ ಕಷ್ಟ. ಎದ್ದು ಒಂದು ಲೋಟ ಚಾ ಮಾಡಿಕೊಂಡು ಬಂದೆ.

ನನ್ನ ಸರಸ ಶಾಲೆಯಲ್ಲಿ ಪೀಟಿ ಟೀಚರಾಗಿ ಎಷ್ಟೋ ಮಕ್ಕಳನ್ನು ಓಡಿಸಿದಳು, ಆದರೆ ಬೆಳಿಗ್ಗೆ ಎದ್ದು ಕಡಲ ಬದಿಗೆ ಕರೆದುಕೊಂಡು ಹೋದದ್ದು ನಿನ್ನನ್ನು ಮಾತ್ರ. ಮೆತ್ತಗಿನ ಹೊಯ್ಗೆಯಲ್ಲಿ, ಕಾಲು ಹೂಳುವ ಮರಳಿನಲ್ಲಿ ಓಡಿಸುವುದು, ನಿಲ್ಲಿಸುವುದು, ನಿನ್ನ ಉಸಿರು ಅರ್ಧ ಇಳಿಯುವಷ್ಟರಲ್ಲಿ "ಇನ್ನೊಂದ್ ಸಲ" ಎನ್ನುವುದು. ನೀನು "ಟೀಚರ್, ಸತ್ತೇ ಹೋತೆ" ಎಂದರೆ, "ಸತ್ತವ್ರ್ ಮಾತಾಡುದಿಲ್ಲ, ಓಡ್" ಎನ್ನುವಳು. ನಾನು ಒಂದು ದಿನ ಪಾಪ ಎಂದದ್ದಕ್ಕೆ ನನಗೇ ಬೈದಳು. "ಮೈಗೆ ಹಸು ಹುಟ್ಸ್ಕ್. ಹಸು ಹುಟ್ಸ್ದೆ ಬಡಿಸೂಕಾತ್ತಾ? ನೀವ್ ಸುಮ್ನಿರಿನಿ." ಮೊದಲು ಹಸಿವು, ಆಮೇಲೆ ಬಡಿಸುವುದು, ಅದು ಅವಳ ಲೆಕ್ಕ. ಈ ನಾಳ, ಚಿಗುರು ಯಾವುದೂ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬೇಕಾದದ್ದು ಅವಳಿದ್ದಾಗ ತಲೆಗೆ ಬರಲಿಲ್ಲ, ತಲೆಗೆ ಬರುವಾಗ ಅವಳಿಲ್ಲ. ಗಂಡಂದಿರ ಜಾತಿಯೇ ಹೀಗೆ.

ಅವಳು ಹೋದ ಮೇಲೆ ಈ ಎರಡು ವರ್ಷ ನಾನು ನಿನ್ನ ಓಟ ನೋಡಲು ಎಲ್ಲಿಗೆ ಕರೆದರೂ ಬಂದೆನಲ್ಲ, ಊರವರು ಕಿಟ್ಟ ಶೆಟ್ರಿಗೆ ಆಟೋಟದ ಮೇಲೆ ಭಾರೀ ಪ್ರೀತಿ ಎಂದುಕೊಂಡರು. ನನಗೆ ಓಟವೂ ತಿಳಿಯದು, ಆಟವೂ ತಿಳಿಯದು. ನಾನು ನೋಡಲು ಬರುತ್ತಿದ್ದದ್ದು ಸರಸಳನ್ನು. ನೀನು ತಿರುವಿನಲ್ಲಿ ಎಡಗೈ ಸ್ವಲ್ಪ ಒಳಗೆ ಎಳೆದುಕೊಳ್ಳುವಾಗ, ಅದು ಅವಳು ಕಲಿಸಿದ್ದು ಎಂದುಕೊಳ್ಳುತ್ತಿದ್ದೆ. ಮನೆಯಲ್ಲಿ ಅವಳ ಸೀರೆ ಇದೆ, ಫೋಟೋ ಇದೆ. ಉಸಿರಾಡುವ ವಸ್ತು ಇದ್ದದ್ದು ನಿನ್ನ ಕಾಲಿನಲ್ಲಿ ಮಾತ್ರ ಎಂದು ನನಗೊಂದು ಭ್ರಮೆ. ನೀನು ಬಸ್ಸಿನಲ್ಲಿ ಟೀಚರ್ ಕಟ್ಟಿದ್ದೆಲ್ಲ ಹೋಯಿತು ಎಂದಾಗ ನಿನ್ನಜ್ಜನಿಗಿಂತ ಹೆಚ್ಚು ನಾನು ಹೆದರಿದೆ. ಎರಡನೇ ಸಲ ಹೋದಳು ಎಂದುಕೊಂಡೆ.

ಆ ಡಾಕ್ಟರ ಹುಡುಗಿ ಬಿಡಿಸಿದ ಚಿತ್ರ ನೋಡಿದ ಮೇಲೆ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಸರಸ ನಿನ್ನೊಳಗೆ ಏನನ್ನೂ ಕಟ್ಟಿಲ್ಲ ಮಗಾ. ಒಂದು ಕೂದಲೆಳೆಯಷ್ಟೂ ಇಲ್ಲ. ನಿನ್ನ ಸ್ನಾಯು ಕೂಗಿತು, ನಿನ್ನ ರಕ್ತ ಕೇಳಿಸಿಕೊಂಡಿತು, ನಿನ್ನ ನಾಳ ಚಿಗುರಿತು. ಅವಳು ದಡದಲ್ಲಿ ನಿಂತು "ಇನ್ನೊಂದ್ ಸಲ" ಎಂದಳು, ಅಷ್ಟೇ. ಅವಳದ್ದೇ ಆಗಿದ್ದರೆ ಅವಳ ಸಂಗಡ ಹೋಗಬೇಕಿತ್ತಲ್ಲ? ಅವಳು ಹೋದ ಮೇಲೂ ನೀನು ಒಂದೂಮುಕ್ಕಾಲು ವರ್ಷ ಚೆನ್ನಾಗಿಯೇ ಓಡಿದಿ. ಬಿದ್ದದ್ದು ಕೂತ ಮೇಲೆ. ಇದು ನನಗೆ ಸುಖದ ವಿಷಯವಲ್ಲ. ನಿನ್ನ ಕಾಲಿನಲ್ಲಿ ನನ್ನ ಹೆಂಡತಿ ಇಲ್ಲ ಎಂದು ನಾನೇ ಬರೆದುಕೊಡಬೇಕಾಯಿತು. ಬರೆದಿದ್ದೇನೆ. ಕಾಲು ನಿನ್ನದು. ಇನ್ನು ಮೇಲೆ ಓಟ ನೋಡಲು ಬಂದರೆ ನಿನ್ನನ್ನೇ ನೋಡುತ್ತೇನೆ.

ಇನ್ನು ನಿನ್ನಜ್ಜನ ಸುದ್ದಿ. ಡಾಕ್ಟರು ಹೇಳಿದ್ದನ್ನು ನಾನು ಚೇತನಾಳಿಗೆ ಹೇಳಿದೆ, ಅವಳು ನಾಗುವಿಗೆ ಹೇಳಿದಳು, ನಾಗು ಅದನ್ನು ಕುಷ್ಟನ ತಲೆಗೆ ಹೊಡೆದಳು. ನಿನ್ನೆ ಬೆಳಿಗ್ಗೆ ಗದ್ದೆಯಂಚಿನಲ್ಲಿ ಬಂದು ಅಂಗಳದಲ್ಲಿ ನಿಂತ. ಕೂರು ಎಂದರೆ ಕೂರಲಿಲ್ಲ.

"ಹ್ವಾಯ್ ಶೆಟ್ರೇ, ಒಂದ್ ಮಾತ್ ಕೇಂತೆ, ನೆಗಾಡುಕಾಗ. ನಾನ್ ಆ ಹೆಣ್ಣನ್ನ ಕೋಣದ್ ಹಾಂಗೆ ಸಾಂಕ್ದೆ ಅಂಬ್ರಲ್ಲ, ಹೌದಾ?"

"ಕೋಣದ್ ಹಾಂಗೆ ಸಾಂಕಿದ್ರೆ ಲಾಯ್ಕಿತ್ತ್ ಮಾರಾಯಾ" ಎಂದೆ ನಾನು. "ಕೋಣಕ್ಕಾದ್ರೂ ನೀನ್ ಕಂಬಳದ್ ಮುಂಚೆ ಗದ್ದಿಗೆ ಇಳ್ಸಿ ಕುದಿ ಓಡಿಸ್ತೆ. ಹುಡ್ಗಿಗೆ ಹುರ್ಳಿ ಕೊಟ್ಟೆ, ಎಣ್ಣಿ ಕೊಟ್ಟೆ, ಕುದಿ ಎಲ್ ಹೋಯ್ತ್?"

ಕುದಿ ಎಂದರೆ ಕಂಬಳಕ್ಕೆ ಮುಂಚಿನ ಅಭ್ಯಾಸದ ಓಟವೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನಾನು ತಮಾಷೆಗೆ ಅಂದದ್ದು. ಅವನು ನಗಲಿಲ್ಲ. ಅಲ್ಲೇ ಜಗಲಿಯ ತುದಿಗೆ ಕೂತ. ಆಮೇಲೆ, "ಜ್ವರ ಬಂದ್ ಎದ್ದ ಹೆಣ್ಣ್ ಶೆಟ್ರೇ. ಮೋರೆ ಇಷ್ಟೇ ಆಗಿತ್ತ್. ಕೋಣನ್ನ ಬಡ್ದ್ ಓಡ್ಸುಕಾತ್ತ್. ಅದನ್ನ ಓಡ್ಸುಕೆ ನಂಗ್ ಮನ್ಸ್ ಬರ್ಲಿಲ್ಲ" ಎಂದ.

ಹಿಂದೆಯೇ ನಾಗು ಬಂದಳು, ಗಂಡ ಎಲ್ಲಿಗೆ ಹೋದ ಎಂದು ಹುಡುಕಿಕೊಂಡು. "ಎಣ್ಣಿ ತಿಕ್ಕಿದ್ದ್ ನಾನ್, ಹುರ್ಳಿ ಬೇಯ್ಸಿದ್ದ್ ನಾನ್. ಸೋತದ್ದ್ ಮಾತ್ರ ಇವ್ರಾ? ಎಲ್ಲದ್ರಗೂ ಇವ್ರೇ ದೊಡ್ಡ ಜನ ಆಯ್ಕ್!" ಎಂದು ಬೈದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಇಬ್ಬರೂ ನಿನ್ನ ಜೊತೆ ಮಾತಾಡಬೇಕು ಎಂದು ಫೋನು ಹಿಡಿದುಕೊಂಡು ಕೂರುತ್ತಾರಂತೆ. ಒಬ್ಬರು ಒತ್ತಿದರೆ ಇನ್ನೊಬ್ಬರು ಬೇಡ ಎನ್ನುತ್ತಾರಂತೆ. ನೀನು ಅವರ ಮುಖ ನೋಡದೆ ವನಜಳ ಮನೆಗೆ ಹೋದದ್ದು ಅವರಿಗೆ ಓಟ ಸೋತದ್ದಕ್ಕಿಂತ ಹೆಚ್ಚು ತಾಗಿದೆ.

ಏಳುವಾಗ ಕುಷ್ಟ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ, ತಿದ್ದುವುದಿಲ್ಲ. "ಅವ್ಳ್ ಮುಂಬೈಗ್ ಹೋಯ್ಲಿ, ಓಡ್ದೇ ಇರ್ಲಿ, ಅಡ್ಡಿಲ್ಲ. ನನ್ ಮೈ ಸತ್ತೋಯ್ತ್ ಅಂದ್ಕಂಡ್ ಹೋಪುದ್ ಮಾತ್ರ ಬ್ಯಾಡ. ಅದ್ ಸತ್ತದ್ದಲ್ಲ, ನಾನ್ ಮನ್ಸಿದ್ದ್ ಅಂತ ಹೇಳಿನಿ." ಮಲಗಿಸಿದ್ದು ಎಂದ. ಡಾಕ್ಟರು ಅಷ್ಟು ಹೊತ್ತು ಚಿತ್ರ ಬಿಡಿಸಿ ಹೇಳಿದ್ದೂ ಅದೇ ಅಲ್ಲವೇ ಎಂದು ನನಗನಿಸಿತು.

ವಿಶ್ವವಿದ್ಯಾಲಯದ ತಂಡದ ಆಯ್ಕೆ ಜನವರಿಯ ಕೊನೆಗೆ ಎಂದು ನಿನ್ನ ಕಾಲೇಜಿನ ಗೆಳತಿ ಪ್ರೇಕ್ಷಾ ಹೇಳಿದಳು. ಎರಡು ತಿಂಗಳಿಗೆ ಮೇಲೆ ಇದೆ. ಆ ಸಣ್ಣ ನಾಳಗಳಿಗೆ ಅಷ್ಟು ಸಾಕಾದೀತು, ಓಟ ಗೆಲ್ಲಲು ಸಾಕೋ ಇಲ್ಲವೋ ನನಗೆ ಗೊತ್ತಿಲ್ಲ. ಗೆಲ್ಲುವ ಮಾತನ್ನು ನಾನು ಆಡುವುದೂ ಇಲ್ಲ. ಮೊದಲ ದಿನಗಳು ಕೆಟ್ಟದಾಗಿರುತ್ತವೆ. ಕಾಲು ಕಬ್ಬಿಣ, ಎದೆ ಒಲೆ, ಹೋದ ವರ್ಷ ಹಿಂದೆ ಬಿದ್ದವರೆಲ್ಲ ಮುಂದೆ. ಆಗ ನೀನು "ನೋಡಿದ್ರ್ಯಾ, ಹೋಗಿತ್ತ್ ಅಂದೆ ಅಲ್ದಾ" ಎನ್ನುತ್ತೀ. ಅಲ್ಲ ದೀಕ್ಷಾ. ಆ ಉಸಿರು ಸಾಲದ್ದೇ ಕೂಗು. ಹೋಯಿತು ಎಂದು ನಿನಗೆ ಕಾಣುವ ಹೊತ್ತಿನಲ್ಲೇ ಅದು ಬರಲು ಹೊರಟಿರುತ್ತದೆ.

ಮುಂಬೈಗೇ ಹೋಗುವುದಾದರೂ ಹೋಗು, ನಾನೇ ಮೊದಲು ಬಸ್ಸಿಗೆ ಬಂದು ಕೈ ಬೀಸುತ್ತೇನೆ. ಹೋಗುವ ಮುಂಚೆ ಒಂದು ಬೆಳಿಗ್ಗೆ ಮಾತ್ರ ಊರಿಗೆ ಬಾ. ಕುಷ್ಟ ಈ ಸೋಮವಾರದಿಂದ ನನ್ನ ಜೊತೆ ಕಡಲ ಬದಿಗೆ ಬರುತ್ತೇನೆ ಎಂದಿದ್ದಾನೆ, ನನ್ನ ಕಾಲಿಗೆ ಜೊತೆಗೆಂದು. ಜೊತೆ ನನ್ನ ಕಾಲಿಗಲ್ಲವೆಂದು ನನಗೂ ಗೊತ್ತು, ಅವನಿಗೂ ಗೊತ್ತು. ನಾವಿಬ್ಬರೂ ಗಾಳಿಮರದ ಸಾಲಿನ ಆಚೆ ದೂರದಲ್ಲಿ ಇರುತ್ತೇವೆ. ನೀನು ಬಂದರೆ ಅವನು ಮಾತಾಡುವುದಿಲ್ಲ, ನಾನು ಹೇಳಿದ್ದೇನೆ. ನೀನೂ ಮಾತಾಡಬೇಡ. ಒಮ್ಮೆ ಅವನ ಮುಖ ನೋಡು, ಆಮೇಲೆ ಉಸಿರು ಕಟ್ಟುವವರೆಗೆ ಓಡು. ಅವನು ಮನಸ್ಸು ಗಟ್ಟಿ ಮಾಡಿಕೊಂಡು ಅದನ್ನು ನೋಡುತ್ತಾನೆ. ಕೈ ಅಡ್ಡ ಹಾಕಲು ಹೊರಟರೆ ಹಿಡಿದುಕೊಳ್ಳಲು ನಾನಿದ್ದೇನೆ.

ಹಿರಿಯರು ಎಲ್ಲರಿಗೂ ಸುಖವಾಗಿರು ಎಂದು ಹರಸುತ್ತಾರೆ. ನಾನು ನಿನಗೆ ಹಾಗೆ ಹರಸುವುದಿಲ್ಲ. ನಿನಗೆ ಚೆನ್ನಾಗಿ ಏದುಸಿರು ಬರಲಿ, ಕಾಲು ಬೇಕು ಬೇಕು ಎಂದು ಕೇಳಲಿ, ಕೇಳಿದ್ದಕ್ಕೆಲ್ಲ ನಿನ್ನ ರಕ್ತ ದಾರಿ ಮಾಡಿಕೊಂಡು ಬರಲಿ.

ಸೋಮವಾರ ಕಡಲ ಬದಿಯಲ್ಲಿರುವ,
ನಿನ್ನ ಕಿಟ್ಟಜ್ಜ